ಹ್ಯಾಂಡಲ್ ಹಿಡಿದುಕೊಂಡೇ ಇರಬೇಕಾ? ಕಡಿಮೆ ನೀರಿನ ಕಮೋಡ್ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮನೆ 1980ರ ದಶಕದ್ದು. ಬಾತ್‌ರೂಮ್ ಹೊಸದು ಮಾಡಿಸುವಾಗ ಹಳೇ ಕಮೋಡ್ ತೆಗೆಸಿ ಒಂದು ಫ್ಲಶ್‌ಗೆ 1.28 ಗ್ಯಾಲನ್ ನೀರು ಬಿಡುವ ಹೊಸದು ಹಾಕಿಸಿದೆವು. ಹಳೇದರಲ್ಲಿ ಹ್ಯಾಂಡಲ್ ಸುಮ್ನೆ ಮುಟ್ಟಿದರೆ ಸಾಕಿತ್ತು, ಟ್ಯಾಂಕ್ ಪೂರ್ತಿ ಖಾಲಿಯಾಗುತ್ತಿತ್ತು. ಇದರಲ್ಲಿ ಹ್ಯಾಂಡಲ್ ಮೊದಲು ಗಟ್ಟಿ, ಆಮೇಲೆ ಇದ್ದಕ್ಕಿದ್ದಂತೆ ಸಡಿಲ. ಒತ್ತಿ ಬಿಟ್ಟರೆ ಗೊಳಗೊಳ ಅಂದು ನಿಂತುಬಿಡುತ್ತದೆ. ಎರಡು ಮೂರು ಸೆಕೆಂಡ್ ಹಿಡಿದುಕೊಂಡರೆ ಮಾತ್ರ ಸರಿಯಾಗಿ ಹೋಗುತ್ತದೆ. ಆಗಲೂ ಟ್ಯಾಂಕಿನಲ್ಲಿ ನೀರು ಉಳಿದಿರುತ್ತದೆ. ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಮ್ಮನಿಗೆ ಬೆರಳಿನ ಗಂಟು ನೋವು, ಹಾಗೆ ಹಿಡಿದುಕೊಳ್ಳಲು ಆಗುವುದಿಲ್ಲ. ಕಡಿಮೆ ನೀರಿನ ಕಮೋಡ್ ಅಂದರೆ ಹೀಗೇನಾ? ಹ್ಯಾಂಡಲ್ ಬದಲಾಯಿಸಿದರೆ ಸರಿಹೋಗುತ್ತಾ? ಊರಿನ ಮನೆಯಲ್ಲಿರುವಂತೆ ಎರಡು ಬಟನ್‌ನದ್ದನ್ನೇ ಹಾಕಿಸಬೇಕಿತ್ತಾ?

ಉತ್ತರ: ನಿಮ್ಮ ದೂರಿನಲ್ಲಿ ಮೂರು ಸಂಗತಿ ಬೆರೆತಿವೆ. ಹ್ಯಾಂಡಲ್ ಮೊದಲು ಗಟ್ಟಿ, ಆಮೇಲೆ ಸಡಿಲ ಅನ್ನಿಸುವುದು ಸಹಜ. ಟ್ಯಾಂಕಿನಲ್ಲಿ ನೀರು ಉಳಿಯುವುದೂ ಸಹಜ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಆದರೆ ಹ್ಯಾಂಡಲ್ ಹಿಡಿದುಕೊಂಡೇ ಇರಬೇಕು ಅನ್ನುವುದು ಸಹಜ ಅಲ್ಲ. ಒಳಗೆ ಏನೋ ಹೊಂದಿಕೆ ತಪ್ಪಿದೆ. ಬಹಳ ಸಲ ಅದು ಚೈನಿನ ವಿಷಯ, ಹತ್ತು ನಿಮಿಷದ ಕೆಲಸ.

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಪಿಂಗಾಣಿ ಮುಚ್ಚಳ, ಭಾರ ಇರುತ್ತದೆ. ಸಿಂಕ್ ಮೇಲೋ ಕಮೋಡ್ ಸೀಟಿನ ಮೇಲೋ ಇಡಬೇಡಿ, ನೆಲದ ಮೇಲೆ ಟವೆಲ್ ಹಾಸಿ ಅಡ್ಡಕ್ಕೆ ಮಲಗಿಸಿ. ಒಡೆದರೆ ಅದಕ್ಕೆ ಹೊಂದುವ ಇನ್ನೊಂದು ಮುಚ್ಚಳ ಸಿಗುವುದು ದೊಡ್ಡ ತಲೆನೋವು. ಟ್ಯಾಂಕಿನ ನೀರಿಗೆ ಕೈ ಹಾಕಲು ಹೇಸುವವರು ನಮ್ಮಲ್ಲಿ ಜಾಸ್ತಿ. ಹೇಸಬೇಕಾಗಿಲ್ಲ. ನಲ್ಲಿಯಲ್ಲಿ ಬರುವ ನೀರೇ ಅದು, ಬಟ್ಟಲಿನ ಕಡೆಯಿಂದ ವಾಪಸ್ ಬರುವುದಿಲ್ಲ.

ಒಳಗೆ ಕಾಣುವುದು ಇಷ್ಟು. ಹೊರಗಿನ ಹ್ಯಾಂಡಲ್‌ಗೆ ಸೇರಿದ ಒಂದು ಉದ್ದನೆಯ ತೋಳು, ಅದರ ತುದಿಯಿಂದ ಇಳಿಬಿಟ್ಟ ಚೈನು, ಚೈನಿನ ಕೊನೆಗೆ ತಳದ ತೂತು ಮುಚ್ಚಿ ಕೂತ ರಬ್ಬರ್ ಬಿಲ್ಲೆ. ಇದಕ್ಕೆ ಫ್ಲ್ಯಾಪರ್ ಅನ್ನುತ್ತಾರೆ. ಪಕ್ಕದಲ್ಲಿ ನೆಟ್ಟಗೆ ನಿಂತಿರುವುದು ಓವರ್‌ಫ್ಲೋ ಪೈಪು, ಅದರ ಬಾಯಿಗೆ ಬಿದ್ದ ನೀರು ಬಟ್ಟಲಿಗೆ ಇಳಿಯುತ್ತದೆ. ಇನ್ನೊಂದು ಬದಿಯಲ್ಲಿ ನೀರು ತುಂಬಿಸುವ ಫಿಲ್ ವಾಲ್ವ್, ಅದಕ್ಕೊಂದು ಫ್ಲೋಟ್. ಕೆಲವು ಮಾದರಿಗಳಲ್ಲಿ ಫ್ಲ್ಯಾಪರ್ ಬದಲು ಡಬ್ಬಿಯಂಥ ಭಾಗ ನೇರ ಮೇಲಕ್ಕೆ ಏಳುತ್ತದೆ. ಅದಕ್ಕೂ ಚೈನ್ ಇರುತ್ತದೆ, ಮುಂದೆ ಹೇಳುವುದು ಹೆಚ್ಚು ಕಡಿಮೆ ಅದಕ್ಕೂ ಸಲ್ಲುತ್ತದೆ.

ಈಗ ಗಟ್ಟಿತನದ ಮಾತು. ನಿಮ್ಮ ಹಳೇ ಕಮೋಡಿನ ತಳದ ತೂತು ಬಹುಶಃ 2 ಇಂಚಿನದು. ಹೊಸವುಗಳಲ್ಲಿ 3 ಇಂಚಿನದು ಬಹಳ ಸಾಮಾನ್ಯ. ಒಂದೇ ಇಂಚು ಜಾಸ್ತಿ ಅಲ್ವಾ ಅನ್ನಬೇಡಿ. ವ್ಯಾಸ ಒಂದೂವರೆ ಪಟ್ಟಾದರೆ ಹರವು ಎರಡೂಕಾಲು ಪಟ್ಟಾಗುತ್ತದೆ. ಫ್ಲ್ಯಾಪರ್ ಮೇಲೆ 20 ಸೆಂಟಿಮೀಟರ್ ನೀರು ನಿಂತಿದೆ ಅಂತಿಟ್ಟುಕೊಳ್ಳಿ. 2 ಇಂಚಿನ ಬಿಲ್ಲೆಯನ್ನು ಆ ನೀರು ಸುಮಾರು 400 ಗ್ರಾಂ ಭಾರದಿಂದ ಅದುಮುತ್ತದೆ. 3 ಇಂಚಿನದನ್ನು ಸುಮಾರು 900 ಗ್ರಾಂ. ಮೊದಲ ಕ್ಷಣದಲ್ಲಿ ನಿಮ್ಮ ಬೆರಳಿಗೆ ತಾಗುವ ಗಟ್ಟಿತನ ಇದೇ. ಫ್ಲ್ಯಾಪರ್ ಒಂದು ಬದಿಯಲ್ಲಿ ಒಂದು ಎಳೆ ಮೇಲೆದ್ದರೂ ಸಾಕು, ಕೆಳಗೂ ನೀರು ನುಗ್ಗಿ ಅದುಮುವ ಭಾರ ಹೋಗಿಬಿಡುತ್ತದೆ. ಒಳಗೆ ಗಾಳಿ ತುಂಬಿದ ರಬ್ಬರ್ ಆದ್ದರಿಂದ ತಾನಾಗಿಯೇ ತೇಲುತ್ತದೆ. ಹ್ಯಾಂಡಲ್ ಆಗ ಸಡಿಲ ಅನ್ನಿಸುತ್ತದೆ. ಮುರಿದುಹೋಯ್ತೇನೋ ಅಂತ ಹೆದರಬೇಡಿ.

ಹ್ಯಾಂಡಲ್‌ನಲ್ಲಿ ಸ್ಪ್ರಿಂಗ್ ಇದೆ ಅಂತ ಬಹಳ ಜನ ತಿಳಿದಿರುತ್ತಾರೆ. ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನ ತೋಳು ಮತ್ತು ಚೈನಿನ ತೂಕಕ್ಕೇ ಅದು ವಾಪಸ್ ಬರುತ್ತದೆ. ವಾಪಸ್ ಬರದೆ ಕೆಳಗೇ ನಿಂತರೆ ನಟ್ ಅತಿ ಬಿಗಿ ಇದೆ, ಇಲ್ಲಾ ತೋಳು ಟ್ಯಾಂಕಿನ ಗೋಡೆಗೆ ಉಜ್ಜುತ್ತಿದೆ ಎಂದರ್ಥ.

ಟ್ಯಾಂಕಿನಲ್ಲಿ ನೀರು ಯಾಕೆ ಉಳಿಯಬೇಕು ಅನ್ನುವುದಕ್ಕೆ ಅಮೆರಿಕದ ಕಮೋಡಿನ ಸ್ವಭಾವ ಗೊತ್ತಿರಬೇಕು. ಊರಲ್ಲಿ ನಾವು ಹಾಕುವ ಹೆಚ್ಚಿನ ಕಮೋಡುಗಳಲ್ಲಿ ನೀರು ಹಿಂದಿನಿಂದ ನುಗ್ಗಿ ಬಟ್ಟಲಿನಲ್ಲಿದ್ದದ್ದನ್ನು ತಳ್ಳಿಕೊಂಡು ಹೋಗುತ್ತದೆ. ಅಮೆರಿಕದಲ್ಲಿ ತಳ್ಳುವುದಕ್ಕಿಂತ ಹೀರುವುದು ಮುಖ್ಯ. ಬಟ್ಟಲಿನ ಹಿಂದಿರುವ ಬಾಗಿದ ಕೊಳವೆ ಒಮ್ಮೆಗೇ ನೀರಿನಿಂದ ತುಂಬಿಕೊಂಡರೆ ಅಲ್ಲಿ ಸೆಳೆತ ಹುಟ್ಟಿ ಬಟ್ಟಲನ್ನೇ ಹೀರಿ ಖಾಲಿ ಮಾಡುತ್ತದೆ. ಕೊನೆಗೆ ಬರುವ 'ಗೊರ್' ಸದ್ದು ಆ ಸೆಳೆತ ಮುರಿದು ಗಾಳಿ ಒಳಗೆ ಹೋದದ್ದು. ನೀರು ನಿಧಾನ ಬಂದರೆ ಕೊಳವೆ ತುಂಬುವುದೇ ಇಲ್ಲ, ಕೊಳವೆಯ ಒಳ ಅಂಚು ದಾಟಿ ಸುಮ್ನೆ ಹರಿದು ಹೋಗುತ್ತದೆ ಅಷ್ಟೆ. ನೀವು ಹೇಳಿದ ಗೊಳಗೊಳ ಇದೇ.

ಹಾಗಾಗಿ ಇಲ್ಲಿ ಎಷ್ಟು ನೀರು ಅನ್ನುವುದಕ್ಕಿಂತ ಎಷ್ಟು ಬೇಗ ಅನ್ನುವುದು ದೊಡ್ಡದು. ಟ್ಯಾಂಕಿನ ಮೇಲಿನ ನೀರು ರಭಸವಾಗಿ ಇಳಿಯುತ್ತದೆ. ತಳದ ಕೊನೆಯ ಒಂದಿಷ್ಟು ನೀರಿಗೆ ಒತ್ತಡವೇ ಇರುವುದಿಲ್ಲ, ಸುಮ್ನೆ ವ್ಯರ್ಥ. ಹೊಸ ವಿನ್ಯಾಸ ಮಾಡಿದವರು ದೊಡ್ಡ ತೂತು ಇಟ್ಟು, ಮೇಲಿನ ನೀರನ್ನು ಮಾತ್ರ ಧಡ್ ಅಂತ ಬಿಟ್ಟು, ಉಳಿದದ್ದು ಟ್ಯಾಂಕಿನಲ್ಲೇ ಇರಲಿ ಅಂತ ಫ್ಲ್ಯಾಪರ್ ಬೇಗ ಮುಚ್ಚುವಂತೆ ಮಾಡಿದರು. ಉಳಿಯುವ ಆ ನೀರು ಮುಂದಿನ ಸಲ ಮೇಲಿನ ನೀರಿಗೆ ಎತ್ತರ ಕೊಡುತ್ತದೆ. ಟ್ಯಾಂಕ್ ಖಾಲಿಯಾಗದಿದ್ದರೆ ಫ್ಲಶ್ ಆಗಿಲ್ಲ ಅನ್ನುವುದು ಹಳೇ ಕಮೋಡಿನ ಲೆಕ್ಕ. ಇದರಲ್ಲಿ ಬಟ್ಟಲು ನೋಡಿ, ಟ್ಯಾಂಕ್ ನೋಡಬೇಡಿ.

ಬೇಗ ಮುಚ್ಚುವುದು ಹೇಗೆ? ಫ್ಲ್ಯಾಪರ್ ತೆಗೆದು ತಿರುಗಿಸಿ ನೋಡಿದರೆ ಅಡಿಯಲ್ಲಿ ಬಟ್ಟಲಿನಂಥ ಉಬ್ಬು, ಅದಕ್ಕೊಂದು ಸಣ್ಣ ತೂತು ಕಾಣಬಹುದು. ಬಿಲ್ಲೆ ಮೇಲೆದ್ದಾಗ ಉಬ್ಬಿನೊಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಗೆ ಹೋಗಿ ನೀರು ತುಂಬುತ್ತದೆ. ಭಾರವಾದ ಬಿಲ್ಲೆ ತನ್ನಷ್ಟಕ್ಕೆ ಬೀಳುತ್ತದೆ. ಗಾಳಿ ಎಷ್ಟು ಬೇಗ ಹೋಗಬೇಕು ಅನ್ನುವುದಕ್ಕೆ ಕೆಲವದರಲ್ಲಿ ತಿರುಗಿಸುವ ಚಕ್ರವೊಂದು ಇರುತ್ತದೆ. ಇನ್ನು ಕೆಲವದರಲ್ಲಿ ಚೈನಿಗೇ ಸಣ್ಣ ಫ್ಲೋಟ್ ಕಟ್ಟಿರುತ್ತಾರೆ. ಅದನ್ನು ಕೆಳಗೆ ಸರಿಸಿದರೆ ಬಿಲ್ಲೆ ಹೆಚ್ಚು ಹೊತ್ತು ತೆರೆದಿರುತ್ತದೆ, ಮೇಲೆ ಸರಿಸಿದರೆ ಬೇಗ ಮುಚ್ಚುತ್ತದೆ. ಅಂದರೆ ನೀರಿನ ಅಳತೆ ಇಟ್ಟುಕೊಂಡಿರುವುದು ಫ್ಲ್ಯಾಪರ್. ಹ್ಯಾಂಡಲ್ ಕೆಲಸ ಅದನ್ನು ಎಬ್ಬಿಸುವುದು, ಅಲ್ಲಿಗೆ ಮುಗಿಯಿತು. ನೀವು ಹಿಡಿದುಕೊಂಡರೆ ಅಳತೆ ಕೆಡುತ್ತದೆ, ಬೇಡದ ನೀರೂ ಹೋಗುತ್ತದೆ. 1.28 ಗ್ಯಾಲನ್ ಅಂದರೆ 4.8 ಲೀಟರ್. ನೀರು ಉಳಿಸಲು ದುಡ್ಡು ಕೊಟ್ಟು ತಂದದ್ದನ್ನು ದಿನಾ ಹಿಡಿದುಕೊಂಡು ಹಳೇ ಕಮೋಡಿನಂತೆ ಓಡಿಸಿದ ಹಾಗಾಗುತ್ತದೆ.

ಒಂದು ಮಾತು. ಕೆಲವು ಮಾದರಿಗಳಲ್ಲಿ ಒತ್ತಿ ಬಿಟ್ಟರೆ ಅರ್ಧ, ಹಿಡಿದರೆ ಪೂರ್ತಿ ಅಂತಲೇ ಮಾಡಿರುತ್ತಾರೆ. ಇನ್ನು ಕೆಲವದರಲ್ಲಿ ಹ್ಯಾಂಡಲ್ ಮೇಲಕ್ಕೆತ್ತಿದರೆ ಒಂದು ಅಳತೆ, ಕೆಳಕ್ಕೆ ಒತ್ತಿದರೆ ಇನ್ನೊಂದು. ಜೊತೆಗೆ ಬಂದ ಕಾಗದದಲ್ಲಿ ಅದು ಬರೆದಿರುತ್ತದೆ. ನಿಮ್ಮದರ ಮೇಲೆ ಒಂದೇ ಅಂಕಿ, 1.28 ಅಂತ ಮಾತ್ರ ಇದ್ದರೆ ಅದು ಈ ಜಾತಿಯದಲ್ಲ.

ಇನ್ನು ಪರೀಕ್ಷೆ. ಒಂದು ಬಕೆಟ್‌ನಲ್ಲಿ 5 ಲೀಟರ್ ನೀರು ತೆಗೆದುಕೊಂಡು ಬಟ್ಟಲಿಗೆ ಒಮ್ಮೆಗೇ ಸುರಿಯಿರಿ. ಅದು ಗೊರ್ ಅಂತ ಹೀರಿ ಖಾಲಿಯಾದರೆ ಬಟ್ಟಲೂ ಚೆನ್ನಾಗಿದೆ, ಹೊರಗಿನ ಪೈಪೂ ಚೆನ್ನಾಗಿದೆ. ದೋಷ ಟ್ಯಾಂಕಿನೊಳಗೇ ಇದೆ. ನೀರು ಏರಿ ನಿಧಾನ ಇಳಿದರೆ ಎಲ್ಲೋ ಕಟ್ಟಿಕೊಂಡಿದೆ, ಹ್ಯಾಂಡಲ್ ಮುಟ್ಟಿ ಪ್ರಯೋಜನ ಇಲ್ಲ. ಹಿಡಿದುಕೊಂಡರೆ ಸರಿಯಾಗಿ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ನಿಮ್ಮದು ಮೊದಲನೆಯದೇ ಇರಬೇಕು.

ಮುಚ್ಚಳ ತೆಗೆದೇ ಇರಲಿ. ಹ್ಯಾಂಡಲ್ ಒತ್ತಿ ತಕ್ಷಣ ಬಿಡಿ, ಕಣ್ಣು ಫ್ಲ್ಯಾಪರ್ ಮೇಲಿರಲಿ. ಸರಿ ಇದ್ದರೆ ಅದು ಹೆಚ್ಚು ಕಡಿಮೆ ನೆಟ್ಟಗೆ ನಿಂತು, ಒಂದೆರಡು ಸೆಕೆಂಡ್ ತೇಲಿ, ಆಮೇಲೆ ಬೀಳುತ್ತದೆ. ನಿಮ್ಮದು ಅರ್ಧಕ್ಕೆ ಎದ್ದು, ಹ್ಯಾಂಡಲ್ ಬಿಟ್ಟೊಡನೆ ನೀರಿನ ಸೆಳೆತಕ್ಕೆ ಸಿಕ್ಕಿ ಟಪ್ ಅಂತ ಮುಚ್ಚಿಕೊಳ್ಳುತ್ತಿರಬಹುದು. ಆಗ ಚೈನ್ ನೋಡಿ. ಹ್ಯಾಂಡಲ್ ಮುಟ್ಟದೆ ಇರುವಾಗ ಚೈನಿನಲ್ಲಿ ಅರ್ಧ ಇಂಚಿನಷ್ಟು, ಅಂದರೆ ಒಂದು ಬೆರಳಿನಗಲ ಸಡಿಲ ಇರಬೇಕು. ಅದಕ್ಕಿಂತ ಜಾಸ್ತಿ ಜೋಲುತ್ತಿದ್ದರೆ ಹ್ಯಾಂಡಲ್ ತಿರುಗುವುದರಲ್ಲಿ ಅರ್ಧ ಭಾಗ ಆ ಜೋಲನ್ನು ಎಳೆಯುವುದಕ್ಕೇ ಖರ್ಚಾಗುತ್ತದೆ, ಬಿಲ್ಲೆ ಪೂರ್ತಿ ಏಳುವುದಿಲ್ಲ. ಕೊಕ್ಕೆ ಬಿಚ್ಚಿ ಎರಡು ಮೂರು ಕೊಂಡಿ ಕೆಳಗೆ ಸಿಕ್ಕಿಸಿ, ಮತ್ತೆ ಒತ್ತಿ ನೋಡಿ. ತೀರಾ ಬಿಗಿ ಮಾಡಿದರೆ ಬಿಲ್ಲೆ ಸರಿಯಾಗಿ ಕೂರದೆ ನೀರು ಸೋರುತ್ತಲೇ ಇರುತ್ತದೆ. ಉಳಿದ ಚೈನಿನ ಬಾಲ ಉದ್ದ ಇದ್ದರೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಅದೇ ಹೋಗಿ ಬಿಲ್ಲೆಯಡಿ ಸಿಕ್ಕಿಕೊಳ್ಳುತ್ತದೆ.

ಚೈನ್ ನೇರ ಇದೆಯಾ ಅಂತಲೂ ನೋಡಿ. ತೋಳಿನಲ್ಲಿ ಹಲವು ತೂತುಗಳಿರುತ್ತವೆ. ಫ್ಲ್ಯಾಪರ್ ನೇರ ಮೇಲೆ ಬರುವ ತೂತಿಗೇ ಕೊಕ್ಕೆ ಹಾಕಬೇಕು. ಓರೆಯಾದರೆ ಬಿಲ್ಲೆಯನ್ನು ಪಕ್ಕಕ್ಕೆ ಎಳೆಯುತ್ತದೆ, ಎತ್ತುವುದಿಲ್ಲ.

ಚೈನ್ ಸರಿ ಇದ್ದೂ ಬಿಲ್ಲೆ ಬೇಗ ಬಿದ್ದರೆ ಆ ಚಕ್ರವನ್ನೋ ಚೈನಿನ ಫ್ಲೋಟನ್ನೋ ಒಂದೊಂದೇ ಹಂತ ಸರಿಸಿ. ಟ್ಯಾಂಕಿನ ಗೋಡೆಯಲ್ಲೋ ಓವರ್‌ಫ್ಲೋ ಪೈಪಿನ ಮೇಲೋ ನೀರಿನ ಮಟ್ಟದ ಗೆರೆ ಇರುತ್ತದೆ. ನೀರು ಅದಕ್ಕಿಂತ ಕೆಳಗಿದ್ದರೆ ರಭಸ ಸಿಗುವುದಿಲ್ಲ. ಫಿಲ್ ವಾಲ್ವ್‌ನಿಂದ ಬರುವ ಸಣ್ಣ ರಬ್ಬರ್ ಪೈಪು ಓವರ್‌ಫ್ಲೋ ಪೈಪಿನ ಬಾಯಿಗೆ ಕ್ಲಿಪ್ ಆಗಿರಲಿ. ಬಟ್ಟಲಿನಲ್ಲಿ ನಿಲ್ಲಬೇಕಾದ ನೀರು ಅಲ್ಲಿಂದಲೇ ಬರುವುದು. ಅದು ಜಾರಿ ಟ್ಯಾಂಕಿಗೆ ಬಿದ್ದಿದ್ದರೆ ಬಟ್ಟಲಿನ ನೀರು ಕಡಿಮೆಯಾಗಿ, ಮುಂದಿನ ಸಲ ಸೆಳೆತ ಹುಟ್ಟಲು ಇನ್ನೂ ಜಾಸ್ತಿ ನೀರು ಬೇಕಾಗುತ್ತದೆ. ಎಲ್ಲರೂ ಹ್ಯಾಂಡಲ್ ದೂರುತ್ತಾರೆ, ಈ ಪೈಪನ್ನು ಯಾರೂ ನೋಡುವುದಿಲ್ಲ.

ಹ್ಯಾಂಡಲ್ ಬದಲಾಯಿಸುವ ಮಾತಿಗೆ ಬರೋಣ. ಬದಲಾಯಿಸಿದರೆ ಉಪಯೋಗ ಇದೆ, ಆದರೆ ಒಂದೇ ಸಂದರ್ಭದಲ್ಲಿ. ಒಳಗಿನ ತೋಳು ಪ್ಲಾಸ್ಟಿಕ್‌ನದಾಗಿದ್ದು, ಒತ್ತಿದಾಗ ಬಿಲ್ಲಿನಂತೆ ಬಾಗುತ್ತಿದ್ದರೆ. 3 ಇಂಚಿನ ಬಿಲ್ಲೆ ಕೇಳುವ ಬಲಕ್ಕೆ ಪ್ಲಾಸ್ಟಿಕ್ ತೋಳು ಮೊದಲು ತಾನು ಬಗ್ಗುತ್ತದೆ. ಬೆರಳಿಗೆ ಮೆತ್ತಗೆ, ಜೋಳಿಗೆ ಜಗ್ಗಿದ ಹಾಗೆ ಅನ್ನಿಸುತ್ತದೆ. ಆಮೇಲೆ ಬಿಲ್ಲೆ ಕಿತ್ತುಕೊಂಡು ಏಳುತ್ತದೆ. ಲೋಹದ ತೋಳಿನ ಹ್ಯಾಂಡಲ್ ಹಾಕಿದರೆ ಈ ಮೆತ್ತಗಿನ ಭಾವ ಹೋಗುತ್ತದೆ. ಅಂಗಡಿಯಲ್ಲಿ 'ಎಲ್ಲ ಟ್ಯಾಂಕಿಗೂ ಹೊಂದುತ್ತದೆ' ಅಂತ ಬರೆದದ್ದನ್ನು ತರಬೇಡಿ. ಮುಂದಿನ ಗೋಡೆಗೆ ಹಾಕುವುದು, ಪಕ್ಕದ ಗೋಡೆಗೆ ಹಾಕುವುದು, ಓರೆ ಮೂಲೆಗೆ ಹಾಕುವುದು, ಒಂದೊಂದರ ತೋಳಿನ ಕೋನ ಬೇರೆ. ಮಾದರಿ ಸಂಖ್ಯೆ ಸಾಮಾನ್ಯವಾಗಿ ಟ್ಯಾಂಕಿನ ಒಳಗೋಡೆಯಲ್ಲಿ ಇಲ್ಲವೇ ಮುಚ್ಚಳದ ಅಡಿಯಲ್ಲಿ ಇರುತ್ತದೆ. ಫೋಟೊ ತೆಗೆದುಕೊಂಡು ಹೋಗಿ.

ಬಿಚ್ಚುವಾಗ ಎಚ್ಚರ. ಟ್ಯಾಂಕಿನ ಒಳಗಿರುವ ಹ್ಯಾಂಡಲ್ ನಟ್‌ನ ತಿರುಪು ಉಲ್ಟಾ. ಎಲ್ಲ ನಟ್‌ಗಳಂತೆ ಎಡಕ್ಕೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಒಳಗಿನಿಂದ ನಟ್ ಕಡೆ ಮುಖ ಮಾಡಿ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲ. ಇದು ಗೊತ್ತಿಲ್ಲದೆ ಸ್ಪ್ಯಾನರ್ ಹಾಕಿ ಜೋರು ಮಾಡಿ ಪಿಂಗಾಣಿಯನ್ನೇ ಸೀಳಿದವರಿದ್ದಾರೆ. ಹೊಸದು ಹಾಕುವಾಗ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಸಾಕು.

ಅಮ್ಮನ ವಿಷಯ. ಅಮೆರಿಕದ ಅಂಗವಿಕಲರ ಕಾಯ್ದೆಯ ಕಟ್ಟಡ ನಿಯಮದ ಪ್ರಕಾರ ಸಾರ್ವಜನಿಕ ಶೌಚಾಲಯದಲ್ಲಿ ಅಂಗವಿಕಲರಿಗೆಂದು ಇರುವ ಕೋಣೆಯಲ್ಲಿ ಕೈಯಿಂದ ಮಾಡುವ ಫ್ಲಶ್‌ಗೆ 5 ಪೌಂಡ್‌ಗಿಂತ ಜಾಸ್ತಿ ಬಲ ಬೇಕಾಗಬಾರದು, ಅಂದರೆ ಸುಮಾರು ಎರಡೂಕಾಲು ಕಿಲೋ. ಒಂದೇ ಕೈಯಲ್ಲಿ, ಹಿಡಿ ಬಿಗಿಯದೆ, ಮಣಿಕಟ್ಟು ತಿರುಚದೆ ಆಗಬೇಕು. ಹ್ಯಾಂಡಲ್ ಕಮೋಡಿನ ಪಕ್ಕ ಜಾಗ ಇರುವ ಕಡೆಯೇ ಇರಬೇಕು. ನಿಮ್ಮ ಮನೆಗೆ ಆ ನಿಯಮ ಇಲ್ಲ, ಆದರೆ ಕೊಳ್ಳುವಾಗ ಒಳ್ಳೆಯ ಅಳತೆಗೋಲು. ಹೊಂದಿಕೆ ಸರಿ ಇರುವ 3 ಇಂಚಿನ ಟ್ಯಾಂಕಿಗೆ ಅಷ್ಟು ಬಲ ಬೇಕಾಗುವುದಿಲ್ಲ. ಅಮ್ಮನವರಿಗೆ ಬೆರಳ ತುದಿಯಲ್ಲಿ ಒತ್ತಬೇಡಿ ಅನ್ನಿ. ಮುಷ್ಟಿಯ ಬದಿಯಿಂದ, ಹ್ಯಾಂಡಲಿನ ತುದಿಯ ಹತ್ತಿರ ಒತ್ತಿದರೆ ಸುಲಭ. ಉದ್ದ, ಅಗಲ ಇರುವ ಹ್ಯಾಂಡಲ್ ಸಿಗುತ್ತವೆ. ಅದೂ ಆಗದಿದ್ದರೆ ಟ್ಯಾಂಕಿನೊಳಗೆ ಕೂರಿಸುವ ಬ್ಯಾಟರಿಯ ಸೆನ್ಸರ್ ಇದೆ, ಮುಚ್ಚಳದ ಮೇಲೆ ಕೈ ಆಡಿಸಿದರೆ ಅದೇ ಚೈನ್ ಎಳೆಯುತ್ತದೆ.

ಅಪ್ಪನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಕೇಳುತ್ತೇನೆ. ಅವರು ಹ್ಯಾಂಡಲ್ ಜಗ್ಗುತ್ತಾರಾ? ನಮ್ಮ ಕಡೆ ಹಿಂದೆ ಗೋಡೆಗೆ ಹಾಕುತ್ತಿದ್ದ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಹೆಚ್ಚಿನವು ಬೇರೆ ಜಾತಿ. ಅವುಗಳಲ್ಲಿ ಫ್ಲ್ಯಾಪರ್ ಇರುತ್ತಿರಲಿಲ್ಲ. ಪಕ್ಕದ ಹಿಡಿ ಎಳೆದಾಗ ಒಳಗಿನ ಬಿಲ್ಲೆಯೊಂದು ನೀರನ್ನು ಬಾಗಿದ ಕೊಳವೆಯ ನೆತ್ತಿ ದಾಟಿಸಬೇಕಿತ್ತು. ಮೆತ್ತಗೆ ಎಳೆದರೆ ನೀರು ದಾಟುತ್ತಲೇ ಇರಲಿಲ್ಲ, ಎರಡು ಸಲ ಜಗ್ಗಲೇಬೇಕಿತ್ತು. ಬ್ರಿಟನ್‌ನ ಟ್ಯಾಂಕುಗಳೂ ಬಹುಕಾಲ ಹೀಗೇ ಇದ್ದವು. ಆ ಅಭ್ಯಾಸದ ಕೈ ಇಲ್ಲಿ ಜಗ್ಗಿದರೆ ಚೈನ್ ಹಾರಿ ತೋಳಿಗೆ ಸುತ್ತಿಕೊಳ್ಳುತ್ತದೆ, ಕೆಲವೊಮ್ಮೆ ಕೊಕ್ಕೆಯೇ ಕಳಚುತ್ತದೆ. ಇಲ್ಲಿ ಬೇಕಾದದ್ದು ಕೊನೆಯವರೆಗೆ ಒಂದು ಒತ್ತು, ಆಮೇಲೆ ಬಿಡುವುದು.

ಕಡಿಮೆ ನೀರಿನ ಕಮೋಡ್ ಅಂದರೆ ಹೀಗೇನಾ ಅನ್ನುವ ನಿಮ್ಮ ಅನುಮಾನಕ್ಕೆ ಒಂದು ಚರಿತ್ರೆ ಇದೆ. 1992ರಲ್ಲಿ ಅಮೆರಿಕ ತಂದ ಇಂಧನ ನೀತಿ ಕಾಯ್ದೆಯಿಂದ 1994ರ ಜನವರಿಯಿಂದ ಮನೆಗಳಿಗೆ ಮಾಡುವ ಹೊಸ ಕಮೋಡ್‌ಗೆ 1.6 ಗ್ಯಾಲನ್ ಮಿತಿ ಬಂತು. ಅದಕ್ಕೆ ಮೊದಲು 3.5 ಗ್ಯಾಲನ್ ಸಾಮಾನ್ಯ, ಅಂದರೆ 13 ಲೀಟರ್ ಮೇಲೆ. ಆರಂಭದಲ್ಲಿ ಹಲವು ಕಂಪನಿಗಳು ಬಟ್ಟಲು, ಕೊಳವೆ ಹಳೇದೇ ಇಟ್ಟು ನೀರು ಮಾತ್ರ ಕಡಿಮೆ ಮಾಡಿದವು. ಜನ ಎರಡೆರಡು ಸಲ ಫ್ಲಶ್ ಮಾಡಿ ಶಪಿಸಿದರು. ಕೆನಡಾದಿಂದ ಹಳೇ ನಮೂನೆಯವನ್ನು ಗಡಿ ದಾಟಿಸಿ ತಂದವರೂ ಇದ್ದರು. 1999ರಲ್ಲಿ ಮಿಷಿಗನ್‌ನ ಸಂಸದ ಜೋ ನೋಲೆನ್‌ಬರ್ಗ್ ಈ ಮಿತಿಯನ್ನೇ ತೆಗೆಯಲು ಮಸೂದೆ ತಂದರು, ಪಾಸಾಗಲಿಲ್ಲ. 2019ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಜನ ಹತ್ತು ಹದಿನೈದು ಸಲ ಫ್ಲಶ್ ಮಾಡುತ್ತಿದ್ದಾರೆ ಅಂದರು. ಅಷ್ಟು ಹೊತ್ತಿಗೆ ಆ ದೂರು ಬಹಳ ಹಳೇದಾಗಿತ್ತು. 2003ರಿಂದ ಮ್ಯಾಪ್ ಅನ್ನುವ ಪರೀಕ್ಷೆ ಇದೆ. ಸೋಯಾ ಕಾಳಿನ ಮುದ್ದೆ ಮತ್ತು ಟಾಯ್ಲೆಟ್ ಪೇಪರ್ ಹಾಕಿ ಒಂದೇ ಫ್ಲಶ್‌ಗೆ ಎಷ್ಟು ಗ್ರಾಂ ಹೋಗುತ್ತದೆ ಅಂತ ಅಳೆಯುತ್ತಾರೆ. ಅಮೆರಿಕದ ಪರಿಸರ ಇಲಾಖೆ ನೀರು ಉಳಿಸುವ ಮಾದರಿಗಳಿಗೆ ಕೊಡುವ ವಾಟರ್‌ಸೆನ್ಸ್ ಗುರುತು ಸಿಗಬೇಕಾದರೆ 1.28 ಗ್ಯಾಲನ್ ಒಳಗೆ ಕನಿಷ್ಠ 350 ಗ್ರಾಂ ಹೋಗಬೇಕು. 1000 ಗ್ರಾಂ ಕಳಿಸುವ ಮಾದರಿಗಳು ಬೇಕಾದಷ್ಟಿವೆ. ನಿಮ್ಮ ಮಾದರಿಯ ಅಂಕಿ ಮ್ಯಾಪ್ ಪಟ್ಟಿಯಲ್ಲಿ ಹುಡುಕಿ ನೋಡಿ. ಹಳೇದನ್ನೇ ವಾಪಸ್ ಹಾಕಿಸುವ ಯೋಚನೆ ಇದ್ದರೆ ಬಿಡಿ. ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ಮಾರಾಟಕ್ಕೇ 1.28 ಮಿತಿ. 1994ಕ್ಕೆ ಮೊದಲು ಕಟ್ಟಿದ ಮನೆ ರಿಪೇರಿಗೆ ಪರ್ಮಿಟ್ ತೆಗೆದುಕೊಂಡರೆ 1.6ಕ್ಕಿಂತ ಜಾಸ್ತಿ ಕುಡಿಯುವ ಕಮೋಡ್ ತೆಗೆಯಲೇಬೇಕು.

ಎರಡು ಬಟನ್‌ನದ್ದು 1980ರಲ್ಲಿ ಆಸ್ಟ್ರೇಲಿಯಾದ ಕ್ಯಾರೋಮಾ ಕಂಪನಿ ತಂದದ್ದು. ನೀರು ಇನ್ನೂ ಉಳಿತಾಯವಾಗುತ್ತದೆ, ಆದರೆ ದೋಷವೂ ಕಡಿಮೆ ಇಲ್ಲ, ಚೈನಿನ ಬದಲು ಒಳಗಿನ ಕಡ್ಡಿಗಳ ಉದ್ದ ಹೊಂದಿಸಬೇಕು ಅಷ್ಟೆ. ನಿಮ್ಮ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಟ್ಯಾಂಕಿನ ನೆತ್ತಿಯ ಸಣ್ಣ ಬಟನ್‌ನ ಅರ್ಧ ಭಾಗವನ್ನು ಬೆರಳ ತುದಿಯಿಂದಲೇ ಅದುಮಬೇಕು. ಗಂಟು ನೋವಿನ ಬೆರಳಿಗೆ ಅದು ಹ್ಯಾಂಡಲ್‌ಗಿಂತ ಕಷ್ಟ.

ಕೊನೆಗೆ ಸೋರಿಕೆ ನೋಡಿಬಿಡಿ. ಚೈನ್ ಮುಟ್ಟಿದ ಮೇಲೆ ಇದನ್ನು ಮಾಡಲೇಬೇಕು. ಟ್ಯಾಂಕಿನ ನೀರಿಗೆ ನಾಲ್ಕು ಹನಿ ತಿಂಡಿಗೆ ಹಾಕುವ ಬಣ್ಣ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಬಟ್ಟಲಿನಲ್ಲಿ ಬಣ್ಣ ಕಂಡರೆ ಬಿಲ್ಲೆ ಸರಿಯಾಗಿ ಕೂರುತ್ತಿಲ್ಲ. ಅರಿಶಿನ ಹಾಕಬೇಡಿ, ಕರಗದೆ ತಳಕ್ಕೆ ಕೂತು ರಬ್ಬರ್, ಪ್ಲಾಸ್ಟಿಕ್‌ಗೆಲ್ಲ ಕಲೆ ಹಿಡಿಸುತ್ತದೆ. ಸೋರುವ ಕಮೋಡ್ ದಿನಕ್ಕೆ 200 ಗ್ಯಾಲನ್‌ವರೆಗೆ ಕುಡಿಯಬಹುದು ಅಂತ ಅಮೆರಿಕದ ಪರಿಸರ ಇಲಾಖೆಯೇ ಹೇಳುತ್ತದೆ. ಬಿಲ್ಲೆ ಹೊಸದು ಬೇಕಾದರೆ ನಿಮ್ಮ ಮಾದರಿಗೆ ಹೇಳಿದ್ದನ್ನೇ ತನ್ನಿ, ಬೇರೆಯದು ಹಾಕಿದರೆ 1.28ರ ಅಳತೆ ಉಳಿಯುವುದಿಲ್ಲ. ಟ್ಯಾಂಕಿನೊಳಗೆ ಹಾಕುವ ನೀಲಿ ಇಲ್ಲವೇ ಬ್ಲೀಚ್ ಗುಳಿಗೆ ಇದ್ದರೆ ಇವತ್ತೇ ತೆಗೆದುಹಾಕಿ. ಅದು ರಬ್ಬರನ್ನು ತಿನ್ನುತ್ತದೆ, ಆಮೇಲೆ ಕಂಪನಿ ವಾರಂಟಿಯನ್ನೂ ಒಪ್ಪುವುದಿಲ್ಲ.